ಆರನೇ ಮಹಡಿಯಿಂದ ಹತ್ತು ತೂಗು

ನಮ್ಮ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಗುಂಯ್ ಅಕ್ಕ ಎಂದೇ ಕರೆಯುತ್ತಾರೆ. ಈ ಹೆಸರು ಯಾರು ಇಟ್ಟರೆಂದು ಯಾರಿಗೂ ನೆನಪಿಲ್ಲ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವಳೇ ಫೋನೆತ್ತಿ "ಹಲೋ, ಗುಂಯ್ ಅಕ್ಕ ಮಾತಾಡ್ತಿರೋದು" ಎನ್ನತೊಡಗಿದಳು. ಕೀಟಲೆ ಮಾಡುವವರಿಗೆ ಅಲ್ಲಿಗೆ ಸ್ವಾರಸ್ಯ ಮುಗಿಯಿತು.

ಅವಳ ಕೆಲಸ ಗಿಟಾರಿನ ಪೆಡಲ್ ರಿಪೇರಿ. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಲೋಹದ ಡಬ್ಬಿಯನ್ನು ಪೆಡಲ್ ಎನ್ನುತ್ತಾರೆ. ತಂತಿಯ ಸದ್ದು ಒಂದು ಕಡೆಯಿಂದ ನೆಟ್ಟಗೆ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಅಲೆಯಾಗಿಯೋ ನಡುಕವಾಗಿಯೋ ಹೊರಗೆ ಬರುತ್ತದೆ. ಹತ್ತೊಂಬತ್ತು ವರ್ಷ ಅವಳು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತಿದ್ದಳು. ಕಾರ್ಖಾನೆ ಮುಚ್ಚಿದ ದಿನ ಮೇಸ್ತ್ರಿಯನ್ನು ಕೇಳಿ, ತಂತಿ ಸುತ್ತುವ ಒಂದು ಕೈಯಂತ್ರವನ್ನು ಮನೆಗೆ ತಂದಳು. ಅದರ ಹಿಡಿ ಅವಳ ಅಂಗೈಗೆ ಸರಿಯಾಗಿ ಸವೆದಿತ್ತು, ಬೇರೆ ಯಾರಿಗೂ ಕೂರುತ್ತಿರಲಿಲ್ಲ.

ಮನೆ ಆರನೇ ಮಹಡಿಯಲ್ಲಿ. ರಿಪೇರಿಯ ಕೋಣೆ ಅದರ ಮೇಲೆ, ತಾರಸಿಯಲ್ಲಿ. ಎಂಟಡಿಗೆ ಹತ್ತಡಿ. ಒಂದು ಮೇಜು, ಒಂದು ಭೂತಗನ್ನಡಿ, ಬೆಸುಗೆಯ ಕಡ್ಡಿ, ಸಣ್ಣ ಸ್ಪೀಕರ್, ಗೋಡೆ ಗಡಿಯಾರ. ಗೋಡೆಯ ಆಚೆಗೆ ಲಿಫ್ಟಿನ ಯಂತ್ರದ ಕೋಣೆ, ಅದಕ್ಕೆ ಸದಾ ಬೀಗ. ಎರಡು ಬಾಗಿಲುಗಳ ನಡುವೆ ಓಣಿಯ ಗೋಡೆಗೆ ಕಬ್ಬಿಣದ ಪೆಟ್ಟಿಗೆಯೊಂದು, ಅದರಲ್ಲಿ ಕೆಂಪು ಹಿಡಿಕೆ. ಅದನ್ನು ಕೆಳಗೆಳೆದರೆ ಅವಳ ಕೋಣೆಗೂ ಕರೆಂಟಿಲ್ಲ, ಲಿಫ್ಟಿಗೂ ಇಲ್ಲ.

ಅವಳ ತಾಯಿಗೆ ಎಪ್ಪತ್ತೊಂದು. ಮೊಣಕಾಲು ಹೋಗಿದೆ, ಬೆರಳು ಹೋಗಿಲ್ಲ. ನೆಲಮಹಡಿಯ ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಾರೆ. ದಿನಾ ಬೆಳಿಗ್ಗೆ ಹತ್ತಕ್ಕೆ ಒಂದು ಮುಕ್ಕಾಲಿ ಹಿಡಿದು ಲಿಫ್ಟಿಗೆ ಹೋಗುತ್ತಾರೆ, ಒಳಗೆ ಅದರ ಮೇಲೆ ಕೂರುತ್ತಾರೆ. "ಆರು ಮಹಡಿ ನಿಂತುಕೊಂಡು ಇಳಿಯೋಕೆ ನಾನೇನು ಪೊಲೀಸಾ" ಎನ್ನುತ್ತಾರೆ. ಲಿಫ್ಟಿನ ಕಬ್ಬಿಣದ ಬಾಗಿಲು ಒಂದೇ ಸಲಕ್ಕೆ ಕಚ್ಚಿಕೊಳ್ಳುವುದಿಲ್ಲ. ಬೇರೆಯವರು ತಳ್ಳಿ, ಬೈದು, ಮತ್ತೆ ತಳ್ಳುತ್ತಾರೆ. ಅವರು ಮಾತ್ರ ಅಳತೆ ಮಾಡಿದಂತೆ ಎರಡು ಸಲ ಬಡಿಯುತ್ತಾರೆ. ಟಪ್, ಟಪ್. ತಾರಸಿಯ ಕೋಣೆಯಲ್ಲಿ ಕೂತ ಮಗಳಿಗೆ ಆ ಸದ್ದು ಕೇಳಿದರೆ ಅಮ್ಮ ಇಳಿಯುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ಈ ಕತೆಗೆ ಕಾರಣವಾದ ಪೆಡಲನ್ನು ತಂದವನು ಹೋಟೆಲೊಂದರಲ್ಲಿ ಸಂಜೆ ಹೊತ್ತು ಗಿಟಾರ್ ನುಡಿಸುವವನು.

"ಮಧ್ಯೆ ಮಧ್ಯೆ ಸತ್ತೋಗುತ್ತೆ ಅಕ್ಕ. ಒದ್ದರೆ ಮತ್ತೆ ಬರುತ್ತೆ."

"ಎಷ್ಟು ಸಲ ಒದ್ದಿದೀಯ?"

"ಲೆಕ್ಕ ಇಟ್ಟಿಲ್ಲ."

"ಅದು ಇಟ್ಟಿದೆ ನೋಡು" ಎಂದು ಡಬ್ಬಿಯ ಮೂಲೆಯಲ್ಲಿದ್ದ ಮೂರು ತಗ್ಗುಗಳನ್ನು ತೋರಿಸಿದಳು.

ಒಳಗೆ ಒಂದು ಬೆಸುಗೆ ಬಿಟ್ಟಿತ್ತು. ಹತ್ತು ನಿಮಿಷದ ಕೆಲಸ. ಆದರೆ ಒಂದೇ ಡಬ್ಬಿಯಲ್ಲಿ ಏಳು ಬಗೆಯ ಸದ್ದುಗಳಿದ್ದವು, ಏಳನ್ನೂ ಕೇಳದೆ ಅವಳು ವಾಪಸು ಕೊಡುವವಳಲ್ಲ. ಅವಳ ಹಳೆಯ ಗಿಟಾರಿನಲ್ಲಿ ಇದ್ದದ್ದು ಐದನೇ ತಂತಿ ಒಂದೇ. ನುಡಿಸಲು ಅವಳಿಗೆ ಬರುವುದಿಲ್ಲ. ಆ ತಂತಿಯನ್ನು ಮೀಟುವುದು, ಸದ್ದು ಪೂರ್ತಿ ಸಾಯುವವರೆಗೆ ಕಾಯುವುದು, ಪೆಡಲಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಮೀಟುವುದು. ಅಲೆ ಎಷ್ಟು ಬೇಗ ಬರುತ್ತದೆ ಎಂದು ಗಡಿಯಾರ ನೋಡಿಕೊಂಡು ತುಟಿಯಲ್ಲೇ ಎಣಿಸುತ್ತಿದ್ದಳು. ಒಂದು ಅಲೆಗೆ ಅವಳು ಇಟ್ಟುಕೊಂಡ ಹೆಸರು ತೂಗು. ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಆ ಪುಟವನ್ನು ನಾನು ಕೇಳಿ ಪಡೆದು ಓದಿದ್ದೇನೆ. ಕೋರಸ್ ಎಂಬ ಸದ್ದಿನ ಮುಂದೆ "ಒಬ್ಬಳು ಹಾಡಿದರೆ ಇನ್ನೊಬ್ಬಳು ಅರ್ಧ ಹೆಜ್ಜೆ ಹಿಂದೆ ಹಾಡುತ್ತಾಳೆ" ಎಂದಿತ್ತು. ಫ್ಲ್ಯಾಂಜರ್: "ನಲ್ಲಿಯ ಪೈಪಿನೊಳಗೆ ವಿಮಾನ." ಫೇಸರ್: "ಯಾರೋ ಬಾಯಿ ತೆರೆದು ಮುಚ್ಚುತ್ತಿದ್ದಾರೆ, ಮಾತು ಬರುತ್ತಿಲ್ಲ." ಟ್ರೆಮೊಲೊ, ಜೋರು: "ತಿರುಗುವ ಫ್ಯಾನಿನ ಮುಂದೆ ಆ ಅಂದ ಹಾಗೆ." ಅದೇ ಟ್ರೆಮೊಲೊ, ಅತಿ ನಿಧಾನ: "ಮಲಗಿದವರ ಉಸಿರು." ಅದರ ಕೆಳಗೆ, ಬೇರೆ ಶಾಯಿಯಲ್ಲಿ: "ಇಬ್ಬರು."

ಅದು ಹೇಗೆಂದರೆ, ತಂತಿಯ ಸದ್ದು ಸತ್ತ ಮೇಲೂ ಸ್ಪೀಕರಿನಲ್ಲಿ ಸಣ್ಣ ಗುಂಯ್ ಉಳಿಯುತ್ತಿತ್ತು. ಹತ್ತಿರದಲ್ಲಿ ಮೋಟಾರು ಇದ್ದರೆ ಗಿಟಾರು ಅದರ ಗುಂಯ್ಯನ್ನು ಹಿಡಿಯುತ್ತದೆ. ಲಿಫ್ಟಿನ ಪಕ್ಕದಲ್ಲೇ ಕೂತವಳಿಗೆ ಅದು ಹೊಸದಲ್ಲ, ಅವಳ ಹೆಸರೇ ಅಲ್ಲಿಂದ ಬಂದದ್ದು. ಆ ಗುಂಯ್ ಈಗ ಟ್ರೆಮೊಲೊದ ಲೆಕ್ಕಕ್ಕೆ ಉಬ್ಬಿ ಇಳಿಯುತ್ತಿತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ತೂಗು ಇತ್ತು. ಎರಡೂ ಜೊತೆಯಾದಾಗ ಸದ್ದು ಉಬ್ಬಿತು, ಎದುರಾದಾಗ ಅಳಿಸಿಹೋಯಿತು. ಅವಳು ಕಾಲಿನಿಂದ ಪೆಡಲನ್ನು ಆರಿಸಿದಳು. ಒಂದು ಉಸಿರು ನಿಂತಿತು. ಇನ್ನೊಂದು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತೂಗಿ, ಆಮೇಲೆ ನಿಂತಿತು.

ಮೂರು ದಿನ ಅವಳು ಪೆಡಲನ್ನೇ ದೂರಿದಳು. ಬಿಡಿಭಾಗ ಬದಲಿಸಿದಳು, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದಳು. ನಾಲ್ಕನೇ ದಿನ, ಆ ಉಸಿರು ಶುರುವಾಗುವ ಮುನ್ನ ಗೋಡೆಯ ಆಚೆ ಟಕ್ ಎಂದದ್ದನ್ನು ಗಮನಿಸಿದಳು. ಅದು ಲಿಫ್ಟಿನದೇ ಎಂದು ಖಾತ್ರಿ ಮಾಡಿಕೊಳ್ಳಲು ಓಣಿಗೆ ಬಂದು, ಲಿಫ್ಟಿನ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟು ಕೆಂಪು ಹಿಡಿಕೆ ಎಳೆದಳು.

ಲಿಫ್ಟಿನಲ್ಲಿ ಕಟ್ಟಡದ ಸೆಕ್ರೆಟರಿ ಇದ್ದರು. ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಳ್ಳಲು ಕೋಟು ಹಾಕಿಕೊಂಡು, ಇದ್ದ ಕೂದಲನ್ನೆಲ್ಲ ಒಂದೇ ಕಡೆಗೆ ಬಾಚಿ ಹೊರಟಿದ್ದರು. ಅವಳು ಹಿಡಿಕೆಯನ್ನು ಕೂಡಲೇ ಮೇಲೆತ್ತಿದರೂ ಲಿಫ್ಟು ಮುನಿಸಿಕೊಂಡು ಅರ್ಧ ಗಂಟೆ ಅಲುಗಲಿಲ್ಲ. ಹೊರಬಂದು ತಾರಸಿಗೆ ಹತ್ತಿ ಬಂದಾಗ ಕೂದಲು ಎಲ್ಲ ಕಡೆಗೂ ಇತ್ತು.

"ನೋಡಮ್ಮ," ಎಂದರು, ಉಸಿರು ಎಳೆದುಕೊಳ್ಳುತ್ತಾ. "ನಿನ್ನ ಡಬ್ಬಿ ಪರೀಕ್ಷೆಗೆ ನಾನೇ ಬೇಕಿತ್ತಾ?"

"ಲಿಫ್ಟು ಕುಂಟುತ್ತಾ ಇದೆ ಸಾರ್. ಮೂರು ಸೆಕೆಂಡಿಗೊಂದು ಸಲ. ಮೇಲಿಂದ ಕೆಳಗೆ ಹೋಗೋಕೆ ಹತ್ತು ಸಲ ಕುಂಟುತ್ತೆ."

"ಯಾರು ಹೇಳಿದ್ದು?"

"ಗಿಟಾರ್ ಹೇಳ್ತು."

ಹೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಸೆಕ್ರೆಟರಿ ಓಣಿಯ ಗೋಡೆಯತ್ತ ಬೆರಳು ತೋರಿಸಿದರು. "ಈ ಹಿಡಿಕೆಗೆ ಇನ್ನೊಂದು ಸಲ ಕೈ ಹಾಕಿದರೆ ರೂಮು ಖಾಲಿ ಮಾಡಬೇಕಾಗುತ್ತೆ. ಇದನ್ನೂ ನಿನ್ನ ಗಿಟಾರಿಗೆ ಹೇಳು."

ಆದರೂ ಅವರು ಮೆಕ್ಯಾನಿಕ್ಕನ್ನು ಕರೆಸಿದರು, ಆ ಮಾತನ್ನು ಹೇಳಲೇಬೇಕು. ಅವನು ಬೀಗ ತೆಗೆದು, ಓಡುವ ಯಂತ್ರಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿ ಕೊಟ್ಟು ಕೇಳಿದ. ಗ್ರೀಸ್ ಹಾಕಿದ. "ಮುದುಕ ಯಂತ್ರ ಮೇಡಂ, ಏದುಸಿರು ಬಿಡುತ್ತೆ ಅಷ್ಟೇ. ನನ್ನ ಕಿವಿಗೆ ಬೇರೇನೂ ಬೀಳ್ತಿಲ್ಲ" ಎಂದ. ಅವನು ಕೇಳಿದಾಗ ಲಿಫ್ಟು ಖಾಲಿ ಓಡುತ್ತಿತ್ತು. ಕುಂಟು ಕೇಳುತ್ತಿದ್ದದ್ದು ಭಾರ ಇದ್ದಾಗ. ಅದನ್ನು ಅವಳು ಅವನಿಗೆ ಹೇಳಬೇಕೆಂದುಕೊಂಡಳು, ಸೆಕ್ರೆಟರಿ ಅಲ್ಲೇ ನಿಂತಿದ್ದರಿಂದ ಹೇಳಲಿಲ್ಲ.

ಅವತ್ತೇ ಮಧ್ಯಾಹ್ನ ಗಿಟಾರಿನವನು ಬಂದ. ಕೇಳಿ ನೋಡಿದ. ಪೆಡಲಿನ ಏಳು ಸದ್ದೂ ಸರಿಯಾಗಿದ್ದವು, ಅವುಗಳ ಹಿಂದೆ ಈ ಗುಂಯ್ ಮಾತ್ರ ತೂಗುತ್ತಿತ್ತು.

"ಪೆಡಲಿಂದಲ್ಲ, ಲಿಫ್ಟಿಂದು" ಎಂದಳು.

"ಇರಬಹುದು ಅಕ್ಕ. ಆದರೆ ಹೋಟೆಲಲ್ಲಿ ಇದು ಬಂದ್ರೆ ನನ್ನನ್ನ ಗುಂಯ್ ಅಣ್ಣ ಅಂತಾರೆ. ನಾನು ಎರಡು ವಾರ ಊರಲ್ಲಿರಲ್ಲ. ಬರೋ ಹೊತ್ತಿಗೆ ಗುಂಯ್ ಇಲ್ಲದೆ ಕೇಳಿಸಿ, ನಂಬ್ತೀನಿ."

ಅವನು ನಗುತ್ತಲೇ ಹೇಳಿದ್ದು. ಅವಳಿಗೆ ಚುಚ್ಚಿತು. ಇಷ್ಟು ವರ್ಷದಲ್ಲಿ ಅವಳ ರಿಪೇರಿಯನ್ನು ನಂಬದೆ ಬಿಟ್ಟುಹೋದವರು ಇರಲಿಲ್ಲ.

ಆಗ ಅವಳು ಒಂದು ಕೆಲಸ ಮಾಡಿದಳು. ತಂತಿ ಸುತ್ತಿ ಬದುಕಿದವಳಿಗೆ ಮಾತ್ರ ಹೊಳೆಯುವಂಥದ್ದು, ಅವಳು ಮಾತ್ರ ಮಾಡಬಹುದಾದ ತಪ್ಪು. ಗಿಟಾರಿನೊಳಗೆ ತಂತಿಯ ಸದ್ದನ್ನು ಹಿಡಿಯುವ ತಾಮ್ರದ ಸುರುಳಿ ಇರುತ್ತದೆ, ಮೋಟಾರಿನ ಗುಂಯ್ಯನ್ನು ಹಿಡಿಯುವುದೂ ಅದೇ. ಅದಕ್ಕೆ ಸರಿಸಮನಾದ ಇನ್ನೊಂದು ಸುರುಳಿಯನ್ನು ತಿರುಗುಮುರುಗಾಗಿ ಜೋಡಿಸಿದರೆ ಎರಡು ಗುಂಯ್ಯೂ ಒಂದನ್ನೊಂದು ತಿಂದುಕೊಳ್ಳುತ್ತವೆ. ತಂತಿಯ ಸದ್ದು ಉಳಿಯುತ್ತದೆ. ಕೈಯಂತ್ರವನ್ನು ಮಂಚದ ಕೆಳಗಿಂದ ತೆಗೆದು, ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಿದಳು. ಎರಡು ಸಲ ತುಂಡಾಯಿತು, ಎರಡು ಸಲವೂ ಮೊದಲಿನಿಂದ ಶುರು ಮಾಡಿದಳು. ನಾಲ್ಕನೇ ದಿನ ಸುರುಳಿಯನ್ನು ಜೋಡಿಸಿ ಸ್ಪೀಕರ್ ಹಾಕಿದಾಗ, ಆ ಕೋಣೆಯಲ್ಲಿ ಇಷ್ಟು ವರ್ಷದಲ್ಲಿ ಮೊದಲ ಸಲ ಗುಂಯ್ ಇರಲಿಲ್ಲ. ಲಿಫ್ಟು ಏರಿತು, ಇಳಿಯಿತು. ಏನೂ ಇಲ್ಲ.

ತಾಯಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಕೇಳಿದರು. "ಈಗ ನಿನ್ನನ್ನ ಏನಂತ ಕರೆಯೋದೇ?"

"ಬರೀ ಅಕ್ಕ."

"ಆ ಲಿಫ್ಟಿನ ಚಿಂತೆ?"

"ಮೆಕ್ಯಾನಿಕ್ ನೋಡಿದಾನಲ್ಲ ಅಮ್ಮ. ಸರಿ ಇದೆಯಂತೆ."

ಹಾಗೆ ಹೇಳುವಾಗ ಅವಳಿಗೆ ನಿಜವಾಗಿ ಹಗುರ ಎನಿಸಿತ್ತಂತೆ. ಕೇಳುತ್ತಿಲ್ಲ ಎಂಬುದು ಇಲ್ಲ ಎಂಬುದರ ಹಾಗೇ ಇತ್ತು. ಹನ್ನೊಂದು ದಿನ ಅವಳು ಏಳು ಸದ್ದುಗಳನ್ನು ಒಂದೊಂದಾಗಿ ಕೇಳಿದಳು, ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿಸಿದಳು. ಆ ಹನ್ನೊಂದು ದಿನವೂ ಹತ್ತು ಗಂಟೆಗೆ ಟಪ್ ಟಪ್ ಎಂದಿತು, ಸ್ಪೀಕರ್ ಸುಮ್ಮನಿತ್ತು.

ಹನ್ನೊಂದನೇ ದಿನ ಸಂಜೆ ತಾಯಿ ಕೆಲಸದಿಂದ ಬಂದು ಮುಕ್ಕಾಲಿಯನ್ನು ಬಾಗಿಲ ಹಿಂದೆ ಇಟ್ಟರು. ಇಡುತ್ತಾ ಅಂದರು, "ಲಿಫ್ಟಲ್ಲಿ ಇನ್ನುಮೇಲೆ ದಿಂಬೂ ತಗೊಂಡು ಹೋಗ್ತೀನಿ ಕಣೇ. ಇಳಿಯುವಾಗ ತೊಟ್ಟಿಲು ತೂಗಿದ ಹಾಗೆ ತೂಗುತ್ತೆ. ನಿದ್ದೆನೇ ಬರುತ್ತೆ."

ಮಗಳ ಕೈಯಲ್ಲಿ ಲೋಟ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು. "ಎಷ್ಟು ದಿನದಿಂದ?"

"ನಾಲ್ಕೈದು ದಿನ ಆಯ್ತು."

ಗಿಟಾರಿಗೆ ಮಾತ್ರ ಕೇಳುತ್ತಿದ್ದದ್ದು ಈಗ ಕೂತವರ ಮೈಗೂ ತಿಳಿಯುತ್ತಿತ್ತು. ಈ ಹನ್ನೊಂದು ದಿನದಲ್ಲಿ ಅದು ಎಷ್ಟು ಬೆಳೆದಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಅವಳೇ ಏಳು ಸಾವಿರ ಸುತ್ತು ಸುತ್ತಿದ್ದಳು.

ಮರುದಿನ ಒಂಬತ್ತೂವರೆಗೆ ಮೇಲೆ ಹೊರಟಳು. "ನಾನು ಬಂದು ಹೇಳೋವರೆಗೂ ಇಳಿಬೇಡ ಅಮ್ಮ."

"ನಲವತ್ತು ಅಂಗಿ ಕಾಯ್ತಾ ಇವೆ."

"ಕಾಯಲಿ."

"ಆಯ್ತು ಹೋಗು, ಕೂತಿರ್ತೀನಿ" ಎಂದು ತಾಯಿ ಕನ್ನಡಕ ಒರೆಸತೊಡಗಿದರು.

ಕೋಣೆಯಲ್ಲಿ ಅವಳು ಸುರುಳಿಯ ಕೊಂಡಿ ಕಳಚಿದಳು. ಪೆಡಲಿಗೆ ಬ್ಯಾಟರಿ ಹಾಕಿ ಟ್ರೆಮೊಲೊದ ಅತಿ ನಿಧಾನಕ್ಕೆ ಇಟ್ಟಳು. ಪೆಡಲಿನ ಮೇಲೊಂದು ಸಣ್ಣ ಕೆಂಪು ದೀಪ ಇರುತ್ತದೆ, ಒಂದು ತೂಗಿಗೆ ಒಂದು ಸಲ ಹತ್ತಿ ಆರುತ್ತದೆ. ಕೆಳಗೆ ಯಾರೋ ಲಿಫ್ಟು ಹತ್ತಿದರು. ಟಕ್. ಗುಂಯ್ ಬಂತು.

ಮೊದಲು ಅದು ಅವಳಿಗೆ ಗುರುತೇ ಸಿಗಲಿಲ್ಲ. ಮುಂಚೆ ಇದ್ದದ್ದು ಒಂದು ಉಸಿರು. ಈಗ ಉಸಿರು ಉಬ್ಬುತ್ತಾ ಉಬ್ಬುತ್ತಾ ತುದಿಯಲ್ಲಿ ತಡೆಯುತ್ತಿತ್ತು, ತಡೆದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಸಣ್ಣಗೆ ಕಟ್ ಎಂದು, ಆಮೇಲೆ ಇಳಿಯುತ್ತಿತ್ತು. ಅವಳು ಗುಂಡಿಯನ್ನು ಕೂದಲೆಳೆ ಕೂದಲೆಳೆಯಾಗಿ ತಿರುಗಿಸಿ ದೀಪವನ್ನು ಆ ಉಸಿರಿನ ಜೊತೆಗೆ ನಡೆಸಿದಳು. ದೀಪ ಪೂರ್ತಿ ಹತ್ತಿದಾಗ ಕಟ್. ದೀಪ ಆರಿದಾಗ ಹಗುರ. ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡಳು. ಲಿಫ್ಟು ಆರನೇ ಮಹಡಿಗೆ ಬಂದು ನಿಂತಿತು. ಸೆಕ್ರೆಟರಿಗೆ ಫೋನ್ ಮಾಡಲು ಕೈ ಚಾಚಿದಳು.

ಟಪ್, ಟಪ್.

ಗಡಿಯಾರ ಹತ್ತು ತೋರಿಸುತ್ತಿತ್ತು.

"ಅಮ್ಮ" ಎಂದು ಕೂಗಿದಳು. ಗೋಡೆಯ ಆಚೆ ಟಕ್ ಎಂದಿತು. ಓಣಿಗೆ ಬರುವಷ್ಟರಲ್ಲಿ ಮೊದಲ ತೂಗು ಮುಗಿದಿತ್ತು. ಕೈ ಹಿಡಿಕೆಯ ಮೇಲೆ ಹೋಯಿತು, ಎಳೆಯಲಿಲ್ಲ. ರೂಮಿನ ಯೋಚನೆ ಬಂದು ನಿಂತದ್ದಲ್ಲ ಎಂದು ಅವಳು ಹೇಳುತ್ತಾಳೆ. ಕರೆಂಟು ಹೋದರೆ ಲಿಫ್ಟು ಗಕ್ಕನೆ ಬ್ರೇಕು ಹಾಕುತ್ತದೆ. ಒಂದು ಜರ್ಕು. ಕಟ್ ಎನ್ನುವ ಹೊತ್ತಿಗೇ ಆ ಜರ್ಕು ಬಿದ್ದರೆ, ಆ ಯಂತ್ರದೊಳಗೆ ಏನು ಹಿಡಿದುಕೊಂಡಿದೆಯೋ ಅದು ಬಿಟ್ಟುಬಿಡಬಹುದು. ಬಿಟ್ಟರೆ ಕೆಳಗೆ ಐದು ಮಹಡಿ. ಇಷ್ಟರಲ್ಲಿ ಎರಡನೆಯದೂ ಮುಗಿಯಿತು. ಎಳೆಯದಿದ್ದರೆ ಇನ್ನೂ ಎಂಟು ತೂಗು.

ಮೂರನೆಯದು ಉಬ್ಬಿತು. ತೆರೆದ ಬಾಗಿಲಿನಿಂದ ಮೇಜಿನ ಮೇಲಿನ ದೀಪ ಕಾಣುತ್ತಿತ್ತು. ಕಟ್, ಈ ಸಲ ಸ್ಪೀಕರಿನಲ್ಲೂ ಕೇಳಿತು, ಗೋಡೆಯಲ್ಲೂ ಕೇಳಿತು. ದೀಪ ಇಳಿಯತೊಡಗಿತು. ಇನ್ನೂ ಕೆಂಪಿತ್ತು. ಇನ್ನೂ ಇತ್ತು. ದೀಪ ಆರಿದ ಕ್ಷಣಕ್ಕೆ ಅವಳು ಎರಡೂ ಕೈಯಿಂದ ಹಿಡಿಕೆ ಎಳೆದಳು.

ಇಡೀ ಕಟ್ಟಡ ಒಂದು ಸಲ ನುಂಗಿಕೊಂಡಂತಾಯಿತು. ಸ್ಪೀಕರ್ ಸತ್ತಿತು. ಗುಂಯ್ ಇಲ್ಲ. ಮೇಜಿನ ಮೇಲೆ ಬ್ಯಾಟರಿಯ ಪೆಡಲ್ ಮಾತ್ರ ನಿಂತ ಲಿಫ್ಟಿನ ಲೆಕ್ಕವನ್ನು ಹಿಡಿದುಕೊಂಡೇ ಇತ್ತು. ದೀಪ ಹತ್ತಿತು, ಆರಿತು, ಹತ್ತಿತು. ಅವಳು ಬೀಳುವ ಸದ್ದಿಗಾಗಿ ಕಾಯುತ್ತಾ ನಿಂತಿದ್ದಳು. ದೀಪ ನಾಲ್ಕು ಸಲ ಹತ್ತಿದ ಮೇಲೆ ಆಳದಿಂದ ಧ್ವನಿ ಬಂತು.

"ಯಾರೇ ಅದು, ಲಿಫ್ಟು ನಿಲ್ಲಿಸಿದ್ದು?"

"ನಾನೇ ಅಮ್ಮ."

"ಮುಕ್ಕಾಲಿಯಿಂದ ಬಿದ್ದೆ ಕಣೇ."

"ಅಲ್ಲಾಡಬೇಡ. ಅಲ್ಲೇ ಕೂತಿರು."

"ಬಿದ್ದವಳು ಎಲ್ಲಿಗೆ ಓಡಲಿ?"

ಲಿಫ್ಟು ನಾಲ್ಕನೇ ಮಹಡಿಯ ಬಾಗಿಲಿಗೆ ಮೂರಡಿ ಕೆಳಗೆ ನಿಂತಿತ್ತು. ವಾಚ್‌ಮನ್ ಮೇಲೆ ಓಡಿಬಂದು ಯಂತ್ರದ ಕೈಚಕ್ರ ತಿರುಗಿಸಿ ಲಿಫ್ಟನ್ನು ಸಮಕ್ಕೆ ತರುತ್ತೇನೆಂದ. ಅವಳು ಬೀಗದ ಮುಂದೆ ಅಡ್ಡ ನಿಂತಳು, ಅವನನ್ನು ಮುಟ್ಟಗೊಡಲಿಲ್ಲ. ಸೆಕ್ರೆಟರಿಯೂ ಬಂದರು. ಅವಳ ಮುಖ ನೋಡಿ, ಕೆಳಗೆ ಹೋಗಿ ವಾಚ್‌ಮನ್ ಜೊತೆ ನಾಲ್ಕನೇ ಮಹಡಿಯ ಬಾಗಿಲನ್ನು ಬಿಡಿಸಿದರು. ತಾಯಿ ಮುಕ್ಕಾಲಿಯ ಮೇಲೆ ಹತ್ತಿ ನಿಂತರು, ಇಬ್ಬರೂ ರಟ್ಟೆ ಹಿಡಿದು ಎಳೆದುಕೊಂಡರು. ಹೊರಬಂದವರು ಮೊದಲು ಕೇಳಿದ್ದು ಮುಕ್ಕಾಲಿಯನ್ನು. ಅದನ್ನು ತೆಗೆಯಲು ಒಳಗೆ ಬಗ್ಗಲು ಯಾರೂ ಒಪ್ಪಲಿಲ್ಲ.

ಮೆಕ್ಯಾನಿಕ್ ಮಧ್ಯಾಹ್ನ ಬಂದ. ಈ ಸಲ ಸ್ಕ್ರೂಡ್ರೈವರನ್ನು ಕಿವಿಗೆ ಇಡಲಿಲ್ಲ. ಹಗ್ಗಗಳನ್ನು ಹೊತ್ತ ದೊಡ್ಡ ಗಾಲಿಯ ಒಳಗಿನ ದಪ್ಪ ಕಬ್ಬಿಣದ ಅಚ್ಚನ್ನು ಸೀಮೆಎಣ್ಣೆಯಲ್ಲಿ ಒರೆಸಿದ. ಒಣಬಟ್ಟೆಯಲ್ಲಿ ಒರೆಸಿದ. ಆಮೇಲೆ ಬಳಪವನ್ನು ಪುಡಿ ಮಾಡಿ ಸವರಿ, ಕೈ ಕಟ್ಟಿ ಕಾದ. ಬಿರುಕಿಗೆ ಇಳಿದಿದ್ದ ಸೀಮೆಎಣ್ಣೆ ಬಿಳಿಯ ಮೇಲೆ ಒಸರಿ ಒಂದು ಕಪ್ಪು ಗೆರೆ ಮೂಡಿತು. ಗೆರೆ ಅಚ್ಚಿನ ಸುತ್ತ ಹೋಯಿತು, ಹೋಯಿತು, ನಾಲ್ಕು ಬೆರಳಗಲ ಉಳಿದಿರುವಾಗ ನಿಂತಿತು. ಆ ನಾಲ್ಕು ಬೆರಳೇ ಇಷ್ಟು ದಿನ ಎಲ್ಲರನ್ನೂ ಹಿಡಿದಿದ್ದದ್ದು.

"ಯಾರು ನಿಲ್ಲಿಸಿದ್ದು?" ಎಂದು ಕೇಳಿದ.

ಸೆಕ್ರೆಟರಿ ಅವಳ ಕಡೆ ನೋಡಿದರು. ಮೆಕ್ಯಾನಿಕ್ ಬೆರಳಿನ ಬಳಪ ಒರೆಸಿಕೊಳ್ಳುತ್ತಾ ಕೂತುಬಿಟ್ಟ.

ರೂಮು ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಕ್ಷಮೆಯ ಮಾತೂ ಬರಲಿಲ್ಲ. ಒಂದು ದಿನ ಕೆಂಪು ಹಿಡಿಕೆಗೆ ಹೊಸ ಬಣ್ಣ ಬಳಿದಿತ್ತು, ಅದರ ಕೆಳಗೆ ಸೆಕ್ರೆಟರಿಯ ಅಕ್ಷರದಲ್ಲಿ "ಅಕ್ಕನನ್ನು ಕೇಳಿ" ಎಂಬ ಚೀಟಿ ಅಂಟಿಸಿತ್ತು.

ಗಿಟಾರಿನವನು ಬಂದು ಪೆಡಲಿನ ಸದ್ದು ಕೇಳಿದ. ಸ್ವಚ್ಛವಾಗಿತ್ತು. ಆದರೆ ಅವನ ಮುಖ ಅರಳಲಿಲ್ಲ.

"ಒಂದು ಮಾತು ಅಕ್ಕ. ಹೋದ ಸಲ ಸದ್ದಿನ ಹಿಂದೆ ಒಂದು ತೂಗು ಇತ್ತಲ್ಲ. ಊರಿಗೆ ಹೋದ ಮೇಲೆ ಅದೇ ತಲೇಲಿ ಓಡ್ತಾ ಇತ್ತು. ಚೆನ್ನಾಗಿತ್ತು. ಅದನ್ನ ವಾಪಸ್ ಹಾಕಿಕೊಡೋಕೆ ಆಗುತ್ತಾ?"

ಅವಳು ಪೆಡಲನ್ನು ಬಟ್ಟೆಯಲ್ಲಿ ಒರೆಸಿ ಅವನ ಕೈಗೆ ಕೊಟ್ಟಳು. "ಆಗಲ್ಲಪ್ಪ."

ಲಿಫ್ಟಿಗೆ ಹೊಸ ಅಚ್ಚು ಬಂದಿದೆ. ತಾಯಿ ಮತ್ತೆ ಹತ್ತು ಗಂಟೆಗೆ ಇಳಿಯುತ್ತಾರೆ. ಬೇಡವೆಂದರೆ, "ಕಾಜಾ ಏನು ಮೇಲಕ್ಕೆ ಹತ್ತಿ ಬರುತ್ತಾ" ಎನ್ನುತ್ತಾರೆ. ಗುಂಯ್ ಅಕ್ಕ ಏಳು ಸಾವಿರ ಸುತ್ತಿನ ಸುರುಳಿಯನ್ನು ಎಸೆಯಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ದಾರ ಕಟ್ಟಿ, ಬೀರುವಿನ ಮೇಲೆ ಇಟ್ಟಿದ್ದಾಳೆ. ಆ ಪೆಡಲಿನ ಟ್ರೆಮೊಲೊ ಒಂದನ್ನೇ ನೋಡಿ ನೋಡಿ ತನಗಾಗಿ ಒಂದು ಡಬ್ಬಿ ಮಾಡಿಕೊಂಡಿದ್ದಾಳೆ, ಒಂದೇ ಗುಂಡಿ, ಒಂದೇ ದೀಪ. ಅದು ಸದ್ದನ್ನು ಅಲುಗಿಸುವುದಿಲ್ಲ, ಲೆಕ್ಕ ಮಾತ್ರ ಇಡುತ್ತದೆ.

ಹತ್ತಕ್ಕೆ ಐದು ನಿಮಿಷ ಇರುವಾಗ ಅವಳು ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾಳೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ತಂತಿಯ ಮೇಲೆ ಅಂಗೈ ಊರಿ, ಸದ್ದಾಗದಂತೆ ಹಿಡಿಯುತ್ತಾಳೆ. ಟಪ್, ಟಪ್. ಗುಂಯ್ ಬರುತ್ತದೆ. ನೆಟ್ಟಗೆ ಬರುತ್ತದೆ, ದೀಪ ಮಾತ್ರ ಹತ್ತಿ ಆರುತ್ತದೆ. ಅವಳು ಹತ್ತು ತೂಗು ಎಣಿಸುತ್ತಾಳೆ. ಕೆಲವು ದಿನ ಆರನೆಯದು ತುಸು ಹೆಚ್ಚು ಹೊತ್ತು ತಡೆದಂತೆ ಅನಿಸುತ್ತದೆ. ಆಗ ಅವಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಬಿಗಿಹಿಡಿದು, ಏಳನೆಯದಕ್ಕೆ ಕಾಯುತ್ತಾಳೆ.